ಓ-ರಿಂಗ್ ಬದಲಿಸಿದ್ರೂ ಸೋರ್ತಿದೆಯಾ? ಮೊದಲು ಗ್ರೂವ್ ಅಳೆಯಿರಿ

ಡ್ರಿಪ್ ಫಿಲ್ಟರ್ ಮುಚ್ಚಳದಿಂದ ನೀರು ಜಿನುಗುತ್ತೆ. ಸ್ಪ್ರೇಯರ್ ಗನ್ ಹಿಡಿಕೆಯಿಂದ ಔಷಧಿ ಕೈ ಮೇಲೆ ಇಳಿಯುತ್ತೆ. ವೆಂಚುರಿ ಗೊಬ್ಬರದ ನೀರು ಎಳೆಯೋದೇ ಇಲ್ಲ. ಟ್ರ್ಯಾಕ್ಟರ್ ಹೈಡ್ರಾಲಿಕ್ ಪೈಪಿನ ಕಪ್ಲರ್ ಕೆಳಗೆ ದಿನಾ ಎಣ್ಣೆ ಕಲೆ. ನೋಡೋಕೆ ನಾಲ್ಕೂ ಬೇರೆ ಬೇರೆ ರೋಗ. ಬಿಚ್ಚಿ ನೋಡಿದ್ರೆ ಬಹಳಷ್ಟು ಸಲ ಕಾರಣ ಒಂದೇ: ಕೆಲವೇ ರೂಪಾಯಿಯ ಒಂದು ಓ-ರಿಂಗ್.

ನಾನು ತಾಲ್ಲೂಕು ಕೇಂದ್ರದಲ್ಲಿ ಡ್ರಿಪ್, ಸ್ಪ್ರೇಯರ್, ಪಂಪ್ ರಿಪೇರಿ ಅಂಗಡಿ ಇಟ್ಟಿದ್ದೀನಿ. ವಾಟ್ಸಾಪ್‌ನಲ್ಲಿ ದಿನಾ ಒಂದಾದ್ರೂ ಫೋಟೋ ಬರುತ್ತೆ. ಅಂಗೈ ಮೇಲೆ ಒಂದು ಕಪ್ಪು ರಿಂಗ್, ಕೆಳಗೆ ಒಂದು ಸಾಲು: "ಅಣ್ಣ, ಇದೇ ಸೈಜ್ ಒಂದು ತೆಗೆದಿಡಿ, ಸಂಜೆ ಬರ್ತೀನಿ." ಫೋಟೋ ನೋಡಿ ರಿಂಗ್ ಕೊಡೋಕೆ ಆಗಲ್ಲ. ಹಳೇ ರಿಂಗ್ ತಂದು ಮೇಜಿನ ಮೇಲೆ ಇಟ್ರೂ ಪೂರ್ತಿ ಉತ್ತರ ಸಿಗಲ್ಲ. ಉತ್ತರ ಇರೋದು ಆ ರಿಂಗ್ ಕೂರುವ ಗ್ರೂವ್‌ನಲ್ಲಿ. ಗ್ರೂವ್ ಅಳೆದು ರಿಂಗ್ ಆರಿಸೋದು ಕಲಿತರೆ ಈ ಕೆಲಸಕ್ಕೆ ನಿಮಗೆ ಮೆಕ್ಯಾನಿಕ್ ಬೇಕಾಗಲ್ಲ. ಒಂದು ವರ್ನಿಯರ್ ಕ್ಯಾಲಿಪರ್, ಫೋನಿನ ಕ್ಯಾಲ್ಕುಲೇಟರ್, ಹತ್ತು ನಿಮಿಷ ಸಾಕು.

ಒಂದು ಹನಿ ಅಂದ್ರೆ ಎಷ್ಟು?

"ಸ್ವಲ್ಪ ಹನಿ ಬೀಳ್ತದೆ ಅಷ್ಟೇ ಬಿಡಣ್ಣ" ಅನ್ನೋರಿಗೆ ನಾನು ಒಂದು ಲೆಕ್ಕ ಹೇಳ್ತೀನಿ. ಸುಮಾರು 20 ಹನಿ ನೀರು ಸೇರಿದ್ರೆ 1 ಮಿ.ಲೀ. ಗನ್ ಹಿಡಿಕೆಯಿಂದ ಸೆಕೆಂಡಿಗೆ ಒಂದು ಹನಿ ಬಿದ್ರೆ ಗಂಟೆಗೆ 3,600 ಹನಿ, ಅಂದ್ರೆ 180 ಮಿ.ಲೀ. ನಾಲ್ಕು ಗಂಟೆ ಔಷಧಿ ಹೊಡೆದ್ರೆ 720 ಮಿ.ಲೀ. ಮುಕ್ಕಾಲು ಲೀಟರ್ ಹತ್ತಿರ ಔಷಧಿ ನೀರು ನಿಮ್ಮ ಮಣಿಕಟ್ಟು, ತೋಳು, ಅಂಗಿ ಮೇಲೆ! ಕೀಟನಾಶಕ ಬಾಯಿಯಿಂದಲೇ ಒಳಗೆ ಹೋಗಬೇಕು ಅಂತಿಲ್ಲ, ಚರ್ಮದ ಮೂಲಕವೂ ಇಳಿಯುತ್ತೆ. ಬೆನ್ನಿಗೆ ಹಾಕೋ ಸ್ಪ್ರೇಯರ್ ಮುಚ್ಚಳ ಸೋರಿದ್ರೆ ಬೆನ್ನು ಪೂರ್ತಿ ಒದ್ದೆ. ಹಾಗಾಗಿ ಈ ರಿಂಗಿನ ಲೆಕ್ಕ ನೀರು ಉಳಿಸೋದಕ್ಕೆ ಮಾತ್ರ ಅಲ್ಲ, ನಿಮ್ಮ ಮೈ ಕಾಯೋದಕ್ಕೂ ಹೌದು.

ಓ-ರಿಂಗ್ ಸೋರಿಕೆ ತಡೆಯೋದು ಹೇಗೆ?

ರಿಂಗನ್ನು ಗ್ರೂವ್‌ನಲ್ಲಿ ಕೂರಿಸಿ ಮೇಲಿನ ಭಾಗ ಜೋಡಿಸಿದಾಗ ರಿಂಗ್ ಸ್ವಲ್ಪ ಅದುಮಿಕೊಳ್ಳುತ್ತೆ. ಗುಂಡಗಿದ್ದ ರಬ್ಬರ್ ಚೂರು ಚಪ್ಪಟೆಯಾಗಿ, ತಿರುಗಿ ಗುಂಡಗಾಗೋಕೆ ಎರಡೂ ಕಡೆ ತಳ್ಳುತ್ತಾ ಇರುತ್ತೆ. ಪ್ರೆಷರ್ ಕಮ್ಮಿ ಇರುವಾಗ ಸೋರಿಕೆ ತಡೆಯೋದು ಈ ತಳ್ಳಾಟವೇ.

ಮೋಟಾರ್ ಚಾಲೂ ಆಗಿ ಪ್ರೆಷರ್ ಏರಿದ್ಮೇಲೆ ಇನ್ನೊಂದು ಕೆಲಸ ನಡೆಯುತ್ತೆ. ನೀರು ರಿಂಗನ್ನು ಗ್ರೂವ್‌ನ ಒಂದು ಬದಿಗೆ ತಳ್ಳುತ್ತೆ. ಅಲ್ಲಿ ರಿಂಗ್ ಗೋಡೆಗೆ ಒತ್ತಿ, ಸಂದಿಯನ್ನು ಇನ್ನೂ ಬಿಗಿಯಾಗಿ ಮುಚ್ಚುತ್ತೆ. ಪ್ರೆಷರ್ ಹೆಚ್ಚಾದಷ್ಟೂ ಸೀಲ್ ಬಿಗಿ. ಆದ್ರೆ ಇದು ನಡೀಬೇಕಾದ್ರೆ ಎರಡು ಷರತ್ತು. ಮೊದಲೇ ಸರಿಯಾದಷ್ಟು ಅದುಮಿರಬೇಕು, ಮತ್ತೆ ಪಕ್ಕಕ್ಕೆ ಜರುಗೋಕೆ ಗ್ರೂವ್‌ನಲ್ಲಿ ಜಾಗ ಇರಬೇಕು.

ಡೆನ್ಮಾರ್ಕ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನೀಲ್ಸ್ ಕ್ರಿಸ್ಟೆನ್ಸೆನ್ ಅನ್ನೋರು ಇದಕ್ಕೆ 1937ರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ರು, 1939ರಲ್ಲಿ ಪೇಟೆಂಟ್ ಸಿಕ್ಕಿತು. ಅವರು ಕಂಡುಕೊಂಡಿದ್ದೂ ಇದನ್ನೇ: ಬರೀ ರಬ್ಬರ್ ಬಳೆ ಇದ್ರೆ ಸಾಲದು, ಅದರ ದಪ್ಪಕ್ಕಿಂತ ಅಗಲವಾದ ಗ್ರೂವ್ ಕೂಡ ಬೇಕು. ರಿಂಗ್ ಮತ್ತು ಗ್ರೂವ್ ಎರಡೂ ಸೇರಿದ್ರೇನೇ ಸೀಲ್.

ರಿಂಗಿಗೆ ಎರಡು ಅಳತೆ

ಅಂಗಡಿಗೆ ಬಂದು "ಒಂದಿಂಚಿನ ಓ-ರಿಂಗ್ ಕೊಡಿ" ಅಂತ ಕೇಳೋರೇ ಹೆಚ್ಚು. ಯಾವ ಒಂದಿಂಚು? ಪೈಪ್ ಸೈಜಾ, ರಿಂಗಿನ ಒಳಗಿನ ಅಳತೆಯಾ, ಹೊರಗಿನದಾ? ಓ-ರಿಂಗ್ ಹೇಳೋಕೆ ಎರಡು ಅಳತೆ ಬೇಕೇ ಬೇಕು.

1. ಒಳವ್ಯಾಸ: ರಿಂಗಿನ ಒಳಗಡೆ ಈ ತುದಿಯಿಂದ ಆ ತುದಿಗೆ ಎಷ್ಟು ಮಿ.ಮೀ.
2. ದಪ್ಪ: ರಬ್ಬರ್ ಎಳೆಯ ದಪ್ಪ ಎಷ್ಟು ಮಿ.ಮೀ.

ಇವೆರಡರಲ್ಲಿ ಜನ ಮರೆಯೋದು ದಪ್ಪವನ್ನು. ಸೀಲ್ ಮಾಡೋದು ಮಾತ್ರ ಅದೇ. ಒಳವ್ಯಾಸ ಅರ್ಧ ಮಿ.ಮೀ. ಆಚೀಚೆ ಆದ್ರೆ ರಬ್ಬರ್ ಹಿಗ್ಗಿ ಹೊಂದಿಕೊಳ್ಳಬಹುದು. ದಪ್ಪದಲ್ಲಿ ಅರ್ಧ ಮಿ.ಮೀ. ಕಮ್ಮಿ ಆದ್ರೆ ಸೋರಿಕೆ ಗ್ಯಾರಂಟಿ.

ಮಾರ್ಕೆಟ್‌ನಲ್ಲಿ ಸಿಗೋ ದಪ್ಪಗಳು ಹೀಗಿವೆ:

- ಅಮೆರಿಕನ್ ಎಎಸ್-568 ಅಳತೆ: 1.78, 2.62, 3.53, 5.33, 6.99 ಮಿ.ಮೀ.
- ಜಪಾನಿನ ಜೆಐಎಸ್ ಪಿ-ಸರಣಿ: 1.9, 2.4, 3.5, 5.7 ಮಿ.ಮೀ.
- ಮಾಮೂಲಿ ಮೆಟ್ರಿಕ್: 1.5, 2, 2.5, 3, 4, 5 ಮಿ.ಮೀ.

2.4, 2.5, 2.62 ಮೂರೂ ಕಣ್ಣಿಗೆ ಒಂದೇ ಥರ ಕಾಣ್ತವೆ. ಕ್ಯಾಲಿಪರ್ ಇಟ್ರೆ ಮಾತ್ರ ವ್ಯತ್ಯಾಸ ಗೊತ್ತಾಗೋದು. ಬಗೆಬಗೆ ರಿಂಗ್ ತುಂಬಿದ ಡಬ್ಬಿ ಕೊಂಡು ಮನೆಯಲ್ಲಿ ಇಟ್ಟುಕೊಂಡಿರೋರು ಮುಚ್ಚಳದ ಒಳಗಿನ ಪಟ್ಟಿ ಒಮ್ಮೆ ಓದಿ. ಅದರಲ್ಲಿರೋದು ಯಾವ ಅಳತೆ ಅಂತ ಗೊತ್ತಿರಲಿ.

ಹಳೇ ರಿಂಗ್ ನಂಬಬೇಡಿ

ಎರಡು ವರ್ಷ ಗ್ರೂವ್‌ನಲ್ಲಿ ಅದುಮಿಕೊಂಡಿದ್ದ ರಿಂಗ್ ಹೊರಗೆ ಬಂದಾಗ ಚಪ್ಪಟೆಯಾಗಿರುತ್ತೆ. 3.5 ಮಿ.ಮೀ. ಇದ್ದದ್ದು ಒಂದು ಕಡೆ 2.9, ಇನ್ನೊಂದು ಕಡೆ 3.7 ತೋರಿಸಬಹುದು. ಎಣ್ಣೆ ಕುಡಿದು ಊದಿದ್ರೆ ಎಲ್ಲ ಕಡೆಯೂ ದಪ್ಪ. ಬಿಸಿಲಿಗೆ ಒಣಗಿದ್ರೆ ಕುಗ್ಗಿರುತ್ತೆ. ಅದೇ ಅಳತೆ ಹಿಡಿದು ಹೊಸದು ತಂದ್ರೆ ಹೊಸದೂ ಸೋರುತ್ತೆ. ಆಮೇಲೆ "ಈಗಿನ ಮಾಲು ಸರಿಯಿಲ್ಲ" ಅಂತ ಬೈಯೋದು.

ಹಳೇ ರಿಂಗ್ ಒಂದು ಅಂದಾಜಿಗೆ ಮಾತ್ರ. ಗ್ರೂವ್ ಪ್ಲಾಸ್ಟಿಕ್ ಅಥವಾ ಲೋಹದ್ದು, ಅದು ಅಷ್ಟು ಬೇಗ ಬದಲಾಗಲ್ಲ. ಅದನ್ನೇ ಅಳೆಯಿರಿ.

ದೊಡ್ಡ ಫಿಲ್ಟರ್ ಮುಚ್ಚಳದ ರಿಂಗಿಗೆ ಕ್ಯಾಲಿಪರ್ ಸಾಲದಿದ್ರೆ ಒಂದು ಉಪಾಯ ಇದೆ. ಹೇಗಿದ್ರೂ ಎಸೆಯೋ ರಿಂಗ್, ಒಂದು ಕಡೆ ಕತ್ತರಿಸಿ. ಎಳೆಯದೆ ನೇರವಾಗಿ ಇಟ್ಟು ಟೇಪಿನಲ್ಲಿ ಉದ್ದ ಅಳೆಯಿರಿ. ಉದ್ದವನ್ನು 3.14ರಿಂದ ಭಾಗಿಸಿ, ಬಂದದ್ದರಲ್ಲಿ ರಬ್ಬರ್ ದಪ್ಪ ಕಳೆಯಿರಿ. ಉದ್ದ 380, ದಪ್ಪ 5.3 ಅಂತಿಟ್ಟುಕೊಳ್ಳಿ. 380 ಭಾಗಿಸು 3.14 ಅಂದ್ರೆ 121. ಅದರಲ್ಲಿ 5.3 ಕಳೆದ್ರೆ 115.7 ಮಿ.ಮೀ. ಅದೇ ಒಳವ್ಯಾಸ. ಇದೂ ಹಳೇ ರಿಂಗಿನ ಅಳತೆಯೇ ಆದ್ದರಿಂದ ಗ್ರೂವ್ ಜೊತೆ ತಾಳೆ ನೋಡಿಯೇ ಕೊಳ್ಳಿ.

ಲೆಕ್ಕ ಮಾಡೋಣ: ಒಂದು ಕಪ್ಲಿಂಗ್

ಒಂದು ಪೈಪ್ ಇನ್ನೊಂದರೊಳಗೆ ಸೇರೋ ಕಪ್ಲಿಂಗ್ ತಗೊಳ್ಳೋಣ. ಒಳಗೆ ಹೋಗೋ ತುಂಡಿನ ಮೈಮೇಲೆ ಗ್ರೂವ್ ಇದೆ, ರಿಂಗ್ ಅದರಲ್ಲಿ ಕೂರುತ್ತೆ. ಕ್ಯಾಲಿಪರ್ ತಗೊಂಡು ಮೂರು ಅಳತೆ ಬರೆದುಕೊಳ್ಳಿ:

- ಹೊರಗಿನ ತುಂಡಿನ ಒಳವ್ಯಾಸ: 30 ಮಿ.ಮೀ.
- ಗ್ರೂವ್ ತಳದಲ್ಲಿ ವ್ಯಾಸ: 24.4 ಮಿ.ಮೀ.
- ಗ್ರೂವ್ ಅಗಲ: 4.7 ಮಿ.ಮೀ.

ವ್ಯಾಸ ಅಳೆಯುವಾಗ ಒಂದೇ ಕಡೆ ಅಳೆದು ಬಿಡಬೇಡಿ. ಕಾಲು ಸುತ್ತು ತಿರುಗಿಸಿ ಇನ್ನೊಂದು ಸಲ ನೋಡಿ. ಪ್ಲಾಸ್ಟಿಕ್ ಭಾಗ ಬಿಸಿಲಿಗೆ ಸೊಟ್ಟಗಾಗಿದ್ರೆ ಎರಡು ಅಳತೆ ಬೇರೆ ಬೇರೆ ಬರುತ್ತೆ. ಹಾಗೆ ಬಂದ್ರೆ ಯಾವ ರಿಂಗ್ ಹಾಕಿದ್ರೂ ಭರವಸೆ ಇಲ್ಲ, ಆ ಭಾಗವನ್ನೇ ಬದಲಿಸಿ.

ಮೊದಲ ಲೆಕ್ಕ: ರಿಂಗಿಗೆ ಸಿಗೋ ಎತ್ತರ. 30ರಲ್ಲಿ 24.4 ಕಳೆದ್ರೆ 5.6. ಅದರ ಅರ್ಧ 2.8 ಮಿ.ಮೀ. ರಿಂಗ್ ಇಷ್ಟರೊಳಗೆ ಅದುಮಿಕೊಂಡು ಕೂರಬೇಕು.

ಎರಡನೇ ಲೆಕ್ಕ: ಎಷ್ಟು ಅದುಮುತ್ತೆ. ರಿಂಗ್ ದಪ್ಪದಲ್ಲಿ 2.8 ಕಳೆದು, ಬಂದದ್ದನ್ನು ರಿಂಗ್ ದಪ್ಪದಿಂದ ಭಾಗಿಸಿ, 100ರಿಂದ ಗುಣಿಸಿ.

- 3 ಮಿ.ಮೀ. ರಿಂಗ್ ಹಾಕಿದ್ರೆ: 0.2 ಭಾಗಿಸು 3, ಸುಮಾರು ಶೇ. 7. ಕೈಗೆ ಸಲೀಸಾಗಿ ಸೇರುತ್ತೆ, ಮೋಟಾರ್ ಹಾಕಿದ ತಕ್ಷಣ ಸೋರುತ್ತೆ.
- 3.5 ಮಿ.ಮೀ. ರಿಂಗ್ ಹಾಕಿದ್ರೆ: 0.7 ಭಾಗಿಸು 3.5, ಶೇ. 20. ಸರಿಯಾಗಿದೆ.
- 4 ಮಿ.ಮೀ. ರಿಂಗ್ ಹಾಕಿದ್ರೆ: 1.2 ಭಾಗಿಸು 4, ಶೇ. 30. ಬಲವಂತವಾಗಿ ತುರುಕಬೇಕು, ತುರುಕುವಾಗಲೇ ರಿಂಗ್ ಕತ್ತರಿಸಿಹೋಗಬಹುದು.

ಮೂರನೇ ಲೆಕ್ಕ: ಒಳವ್ಯಾಸ. ರಿಂಗ್ ಗ್ರೂವ್ ತಳಕ್ಕೆ ಸ್ವಲ್ಪ ಹಿಗ್ಗಿ ಅಂಟಿಕೊಂಡು ಕೂರಬೇಕು. ಶೇ. 1ರಿಂದ 5ರಷ್ಟು ಹಿಗ್ಗಿದ್ರೆ ಸರಿ. ಜಪಾನಿ ಪಿ-24 ರಿಂಗ್ ಒಳವ್ಯಾಸ 23.7, ದಪ್ಪ 3.5. ಗ್ರೂವ್ 24.4. ಹಿಗ್ಗೋದು ಸುಮಾರು ಶೇ. 3. ನಮ್ಮ ಕಪ್ಲಿಂಗಿಗೆ ಇದೇ ಸೂಕ್ತ.

ಇಲ್ಲೊಂದು ಸೂಕ್ಷ್ಮ ಇದೆ. ಸಣ್ಣ ರಿಂಗ್ ತಂದು ಎಳೆದು ದೊಡ್ಡ ಗ್ರೂವ್‌ಗೆ ಹಾಕೋ ಅಭ್ಯಾಸ ತುಂಬ ಜನಕ್ಕಿದೆ. ರಬ್ಬರ್ ಎಳೆದಾಗ ತೆಳುವಾಗುತ್ತೆ. ಶೇ. 3 ಹಿಗ್ಗಿದ್ರೆ ದಪ್ಪ ಸುಮಾರು ಶೇ. 1.5 ಇಳಿಯುತ್ತೆ, ಅದೇನೂ ತೊಂದರೆಯಿಲ್ಲ. ಶೇ. 15 ಎಳೆದ್ರೆ ದಪ್ಪವೂ ಹೋಯ್ತು, ಬಿಗಿತದಲ್ಲೇ ಇದ್ದು ಇದ್ದು ರಬ್ಬರ್ ಬೇಗ ಬಿರುಕೂ ಬಿಡುತ್ತೆ.

ಎಷ್ಟು ಅದುಮಿದ್ರೆ ಸರಿ?

ಎಲ್ಲ ಕಡೆಗೂ ಒಂದೇ ಲೆಕ್ಕ ಇಲ್ಲ. ಈ ಮೂರು ಸಾಲಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ:

- ಮುಚ್ಚಳ, ಫ್ಲ್ಯಾಂಜ್, ಅಂದ್ರೆ ಮೇಲಿಂದ ಕೆಳಕ್ಕೆ ಒತ್ತಿ ಬಿಗಿಯೋ ಕಡೆ: ಶೇ. 20ರಿಂದ 30
- ಪೈಪ್ ಒಳಗೆ ಪೈಪ್ ಸೇರಿ ಅಲುಗದೆ ನಿಲ್ಲೋ ಕಡೆ: ಶೇ. 15ರಿಂದ 25
- ಪಿಸ್ಟನ್, ರಾಡ್, ವಾಲ್ವ್ ಕಡ್ಡಿ ಥರ ಹಿಂದೆ ಮುಂದೆ ಓಡಾಡೋ ಕಡೆ: ಶೇ. 10ರಿಂದ 18

ಓಡಾಡೋ ಕಡೆ ಯಾಕೆ ಕಮ್ಮಿ? ಜಾಸ್ತಿ ಅದುಮಿದ್ರೆ ಉಜ್ಜಾಟ ಹೆಚ್ಚು. ರಿಂಗ್ ಬಿಸಿಯಾಗಿ, ಹಗ್ಗದ ಥರ ತಿರುಚಿಕೊಂಡು ಬೇಗ ಸವೆಯುತ್ತೆ. "ಟೈಟಾಗಿದ್ರೆ ಒಳ್ಳೇದು" ಅನ್ನೋ ಮಾತು ಇಲ್ಲಿ ನಡೆಯಲ್ಲ.

ಗ್ರೂವ್ ತುಂಬ ತುಂಬಿದ್ರೆ?

ರಬ್ಬರ್ ಸ್ಪಂಜಿನ ಥರ ಅಲ್ಲ. ಒಂದು ಕಡೆ ಅದುಮಿದ್ರೆ ಇನ್ನೊಂದು ಕಡೆ ಉಬ್ಬುತ್ತೆ, ಒಟ್ಟು ಗಾತ್ರ ಕಮ್ಮಿಯಾಗಲ್ಲ. ಅದಕ್ಕೇ ಗ್ರೂವ್ ಅಗಲ ರಿಂಗ್ ದಪ್ಪಕ್ಕಿಂತ 1.3ರಿಂದ 1.5 ಪಟ್ಟು ಇರಬೇಕು. ಗ್ರೂವ್‌ನ ಜಾಗದಲ್ಲಿ ರಬ್ಬರ್ ಶೇ. 70ರಿಂದ 85ರಷ್ಟು ತುಂಬಿದ್ರೆ ಸರಿ. ಉಳಿದದ್ದು ಬಿಸಿಗೆ, ಎಣ್ಣೆಗೆ ಊದೋಕೆ ಬೇಕಾದ ಜಾಗ.

ನಮ್ಮ ಕಪ್ಲಿಂಗಿನ ಲೆಕ್ಕ ನೋಡೋಣ. ಗ್ರೂವ್ ಜಾಗ 2.8 ಗುಣಿಸು 4.7, ಅಂದ್ರೆ 13.2 ಚದರ ಮಿ.ಮೀ. ರಿಂಗಿನ ಜಾಗ ಅಂದ್ರೆ ದಪ್ಪವನ್ನು ಅದೇ ದಪ್ಪದಿಂದ ಗುಣಿಸಿ, ಮತ್ತೆ 0.785ರಿಂದ ಗುಣಿಸಿ. 3.5ಕ್ಕೆ 9.6 ಬರುತ್ತೆ. ಶೇ. 73 ತುಂಬಿತು, ಸರಿ. 4 ಮಿ.ಮೀ. ರಿಂಗಿಗೆ 12.6 ಬರುತ್ತೆ. ಶೇ. 95 ತುಂಬಿಬಿಡ್ತು! ಸ್ವಲ್ಪ ಊದಿದ್ರೂ ಹೋಗೋಕೆ ಜಾಗವಿಲ್ಲ. ಒಂದೋ ರಿಂಗ್ ಸಂದಿಯಲ್ಲಿ ನುಗ್ಗಿ ಹರಿಯುತ್ತೆ, ಇಲ್ಲ ಪ್ಲಾಸ್ಟಿಕ್ ಭಾಗವನ್ನೇ ಸೀಳುತ್ತೆ.

ಗ್ರೂವ್ ಒಳಗೆ ಟೆಫ್ಲಾನ್ ಟೇಪ್ ಸುತ್ತಿ ಮೇಲೆ ರಿಂಗ್ ಹಾಕೋದು, ಒಂದೇ ಗ್ರೂವ್‌ಗೆ ಎರಡು ತೆಳು ರಿಂಗ್ ಹಾಕೋದು, ಸೈಕಲ್ ಟ್ಯೂಬ್ ಕತ್ತರಿಸಿ ತುರುಕೋದು – ಇವೆಲ್ಲ ಯಾಕೆ ನಿಲ್ಲಲ್ಲ ಅಂತ ಈಗ ಗೊತ್ತಾಗುತ್ತೆ. ರಿಂಗ್ ಜರುಗೋ ಜಾಗವನ್ನೇ ನಾವು ಮುಚ್ಚಿಬಿಟ್ಟಿರ್ತೀವಿ. ಟೆಫ್ಲಾನ್ ಟೇಪ್ ಚೂಡಿಗೆ, ಅಂದ್ರೆ ಥ್ರೆಡ್ಡಿಗೆ. ಓ-ರಿಂಗಿಗೆ ಅಲ್ಲ.

ಫಿಲ್ಟರ್ ಮುಚ್ಚಳ ಮತ್ತು ವೆಂಚುರಿ: ಒಂದು ಹೊರಕ್ಕೆ, ಒಂದು ಒಳಕ್ಕೆ

ಮುಚ್ಚಳದ ಮುಖದಲ್ಲಿ ಗ್ರೂವ್ ಇದ್ದಾಗ ಪ್ರೆಷರ್ ಎಲ್ಲಿಂದ ಬರುತ್ತೆ ಅಂತ ಮೊದಲು ಯೋಚಿಸಿ.

ಡ್ರಿಪ್ ಫಿಲ್ಟರ್‌ನಲ್ಲಿ ನೀರು ಒಳಗಿಂದ ಹೊರಕ್ಕೆ ತಳ್ಳುತ್ತೆ. ರಿಂಗ್ ಮೊದಲಿನಿಂದಲೇ ಗ್ರೂವ್‌ನ ಹೊರಗಿನ ಗೋಡೆಗೆ ತಾಗಿ ಕೂತಿರಬೇಕು. ಹಾಗಾಗಿ ರಿಂಗಿನ ಹೊರವ್ಯಾಸ ಗ್ರೂವ್‌ನ ಹೊರವ್ಯಾಸದಷ್ಟೇ, ಅಥವಾ ಶೇ. 1ರಿಂದ 2 ಹೆಚ್ಚು ಇರೋದನ್ನು ಆರಿಸಿ. ಸಣ್ಣ ರಿಂಗ್ ಹಾಕಿದ್ರೆ ಪ್ರತಿ ಸಲ ಮೋಟಾರ್ ಚಾಲೂ ಆದಾಗಲೂ ರಿಂಗ್ ಹಿಗ್ಗಿ, ನಿಂತಾಗ ಕುಗ್ಗಿ, ಉಜ್ಜಿ ಸವೆಯುತ್ತೆ.

ಗಾಳಿ ಎಳೆಯೋ ಕಡೆ ಇದು ತಿರುಗುಮುರುಗು. ವೆಂಚುರಿಯ ಸಕ್ಷನ್, ಸೆಂಟ್ರಿಫ್ಯೂಗಲ್ ಪಂಪಿನ ಸಕ್ಷನ್ ಪೈಪ್ – ಇಲ್ಲಿ ಹೊರಗಿನ ಗಾಳಿ ಒಳಕ್ಕೆ ನುಗ್ಗೋಕೆ ನೋಡುತ್ತೆ. ಮುಖದ ಗ್ರೂವ್ ಇದ್ರೆ ರಿಂಗ್ ಒಳಗಿನ ಗೋಡೆಗೆ ಅಂಟಿಕೊಂಡಿರಬೇಕು. ಈ ಕಡೆ ರಿಂಗ್ ಸೋತ್ರೆ ನೀರು ಹನಿಯಲ್ಲ, ನಿಮಗೆ ಕಾಣೋದೇ ಇಲ್ಲ. ಗಾಳಿ ಒಳಗೆ ಹೋಗುತ್ತೆ, ವೆಂಚುರಿ ಗೊಬ್ಬರ ಎಳೆಯೋದು ನಿಲ್ಲಿಸುತ್ತೆ, ಪಂಪ್ ಪ್ರೈಮ್ ಬಿಟ್ಟುಕೊಡುತ್ತೆ. ಡ್ರಮ್ಮಿನಲ್ಲಿ ಗೊಬ್ಬರ ಹಾಗೇ ಉಳಿದಿರುತ್ತೆ, ಗಿಡಕ್ಕೆ ಹೋಗಿದೆ ಅಂತ ನಾವು ಅಂದುಕೊಂಡಿರ್ತೀವಿ. ಅನುಮಾನ ಬಂದ್ರೆ ಪಂಪ್ ಓಡ್ತಿರುವಾಗ ಸಕ್ಷನ್ ಜೋಡಣೆ ಮೇಲೆ ಸೋಪಿನ ನೀರು ಹಚ್ಚಿ ನೋಡಿ. ನೊರೆ ಒಳಕ್ಕೆ ಎಳೆದುಕೊಂಡ್ರೆ ಅಲ್ಲೇ ಸೋರಿಕೆ.

ಲೇತ್‌ನಲ್ಲಿ ಗ್ರೂವ್ ಹೊಡೆಸುವಾಗ

ಮುರಿದ ಕಪ್ಲರ್ ಬದಲು ಹೊಸದು ಮಾಡಿಸುವಾಗ, ಟ್ಯಾಂಕಿಗೆ ಪ್ಲಗ್ ಮಾಡಿಸುವಾಗ ಲೇತ್ ಅಂಗಡಿಗೆ ಹೋಗ್ತೀವಿ. "ಒಂದು ಓ-ರಿಂಗ್ ಗ್ರೂವ್ ಹಾಕಿ" ಅಂದ್ರೆ ಅವರ ಅಂದಾಜಿಗೆ ಹಾಕ್ತಾರೆ. ಮೊದಲು ರಿಂಗ್ ಕೊಂಡುಕೊಳ್ಳಿ, ಆಮೇಲೆ ಅದಕ್ಕೆ ತಕ್ಕ ಗ್ರೂವ್ ಹೊಡೆಸಿ. ಪೈಪಿನೊಳಗೆ ಸೇರಿ ಅಲುಗದೆ ನಿಲ್ಲೋ ಜೋಡಣೆಗೆ ಈ ಅಳತೆ ಕೊಡಿ:

- 1.78 ರಿಂಗಿಗೆ: ಎತ್ತರ 1.3, ಅಗಲ 2.4 ಮಿ.ಮೀ.
- 2.62 ರಿಂಗಿಗೆ: ಎತ್ತರ 2.1, ಅಗಲ 3.6 ಮಿ.ಮೀ.
- 3.53 ರಿಂಗಿಗೆ: ಎತ್ತರ 2.85, ಅಗಲ 4.8 ಮಿ.ಮೀ.
- 5.33 ರಿಂಗಿಗೆ: ಎತ್ತರ 4.35, ಅಗಲ 7.2 ಮಿ.ಮೀ.

ಎತ್ತರ ಅಂದ್ರೆ ಗ್ರೂವ್ ತಳದಿಂದ ಎದುರಿನ ಗೋಡೆವರೆಗೆ, ಎರಡು ಭಾಗಗಳ ನಡುವಿನ ಸಂದಿಯೂ ಸೇರಿ. ಬರೀ ಗ್ರೂವ್ ಆಳ ಅಲ್ಲ. ಇದನ್ನು ಲೇತ್‌ನವರಿಗೆ ಬಿಡಿಸಿ ಹೇಳಿ. ಜೊತೆಗೆ ಈ ನಾಲ್ಕು ಮಾತು:

1. ಗ್ರೂವ್ ಗೋಡೆ ನೇರ ಇರಲಿ, ತಳದ ಮೂಲೆ ಸ್ವಲ್ಪ ಗುಂಡಗಿರಲಿ, ಮೇಲಿನ ಅಂಚಿನ ಚೂಪು ತೆಗೆದಿರಲಿ.
2. ರಿಂಗ್ ಮೊದಲು ತಾಗೋ ಪೈಪ್ ಬಾಯಿಗೆ 15ರಿಂದ 20 ಡಿಗ್ರಿ ಇಳಿಜಾರು ಕೊಡಲಿ. ಇದಿಲ್ಲದಿದ್ರೆ ಹೊಸ ರಿಂಗ್ ಸೇರುವಾಗಲೇ ಸಿಪ್ಪೆ ಎದ್ದಂಗೆ ಕತ್ತರಿಸಿಹೋಗುತ್ತೆ.
3. ಗ್ರೂವ್ ತಳ, ರಿಂಗ್ ಒತ್ತೋ ಗೋಡೆ ನುಣುಪಾಗಿರಲಿ. ಉಗುರು ಎಳೆದಾಗ ಗೆರೆ ತಾಗಬಾರದು. ಪಿಸ್ಟನ್, ರಾಡ್ ಆದ್ರೆ ಪಾಲಿಶ್ ಬೇಕೇ ಬೇಕು.
4. ಎರಡು ಭಾಗದ ನಡುವಿನ ಸಂದಿ ಆದಷ್ಟು ಕಮ್ಮಿ ಇರಲಿ.

ಸಂದಿ ಯಾಕೆ ಮುಖ್ಯ? ಡ್ರಿಪ್‌ನಲ್ಲಿ ಪ್ರೆಷರ್ ಸಾಮಾನ್ಯವಾಗಿ 1ರಿಂದ 3 ಕೆ.ಜಿ. ಅಲ್ಲಿ ಸಂದಿ ಚೂರು ಹೆಚ್ಚಿದ್ರೂ ನಡೆಯುತ್ತೆ. ಪವರ್ ಸ್ಪ್ರೇಯರ್‌ನಲ್ಲಿ 20ರಿಂದ 40 ಕೆ.ಜಿ. ಟ್ರ್ಯಾಕ್ಟರ್ ಹೈಡ್ರಾಲಿಕ್‌ನಲ್ಲಿ 150 ಕೆ.ಜಿ. ದಾಟುತ್ತೆ. ಅಷ್ಟು ಒತ್ತಡಕ್ಕೆ ರಬ್ಬರ್ ಹಿಟ್ಟಿನ ಥರ ಸಂದಿಗೆ ನುಗ್ಗುತ್ತೆ. ಸುಮಾರು 100 ಕೆ.ಜಿ. ಮೇಲೆ ಓ-ರಿಂಗ್ ಹಿಂದೆ ಗಟ್ಟಿ ಪ್ಲಾಸ್ಟಿಕ್ಕಿನ ಬ್ಯಾಕಪ್ ರಿಂಗ್ ಹಾಕೋದು ಇದಕ್ಕೇ. ಹೈಡ್ರಾಲಿಕ್ ಬಿಚ್ಚಿದಾಗ ರಿಂಗ್ ಪಕ್ಕದಲ್ಲಿ ತೆಳು ಬಿಳಿ ಬಳೆ ಸಿಕ್ರೆ ಬೇಡದ್ದು ಅಂತ ಎಸೆಯಬೇಡಿ. ಪ್ರೆಷರ್ ಬರೋ ಕಡೆ ಓ-ರಿಂಗ್, ಅದರ ಹಿಂದೆ ಆ ಬಳೆ, ಇದೇ ಕ್ರಮದಲ್ಲಿ ಹಾಕಿ.

ಕಪ್ಪಗಿರೋದೆಲ್ಲ ಒಂದೇ ರಬ್ಬರ್ ಅಲ್ಲ

ಅಳತೆ ಎಲ್ಲ ಸರಿಯಿದ್ದೂ ಒಂದೇ ಬೆಳೆಗೆ ರಿಂಗ್ ಹಾಳಾದ್ರೆ ರಬ್ಬರ್ ಜಾತಿ ನೋಡಿ.

ನೈಟ್ರೈಲ್: ಅಂಗಡಿಯಲ್ಲಿ ಕೇಳದೇ ಕೊಡೋದು ಸಾಮಾನ್ಯವಾಗಿ ಇದನ್ನೇ. ಡೀಸೆಲ್, ಹೈಡ್ರಾಲಿಕ್ ಎಣ್ಣೆ, ಗ್ರೀಸ್‌ಗೆ ಒಳ್ಳೇದು. ನೀರಿಗೂ ನಡೆಯುತ್ತೆ. ಬಿಸಿಲು ತಡೆಯಲ್ಲ, ಸಣ್ಣ ಸಣ್ಣ ಬಿರುಕು ಬಿಡುತ್ತೆ.

ಇಪಿಡಿಎಂ: ನೀರು, ಬಿಸಿಲಿಗೆ ಒಳ್ಳೇದು. ನೀರಲ್ಲಿ ಕರಗಿಸಿದ ಗೊಬ್ಬರಕ್ಕೂ ಸರಿ. ಬಯಲಲ್ಲಿ ಇರೋ ಡ್ರಿಪ್ ಫಿಲ್ಟರ್‌ಗೆ ಇದೇ ಸೂಕ್ತ. ಆದ್ರೆ ಎಣ್ಣೆ, ಡೀಸೆಲ್, ಮಾಮೂಲಿ ಗ್ರೀಸ್ ಇದಕ್ಕೆ ವಿಷ. ಊದಿ ಮೆತ್ತಗಾಗುತ್ತೆ. ಫಿಲ್ಟರ್ ಮುಚ್ಚಳ ಸಲೀಸಾಗಿ ತಿರುಗಲಿ ಅಂತ ಟ್ರ್ಯಾಕ್ಟರ್ ಗ್ರೀಸ್ ಹಚ್ಚೋರು ಇದನ್ನು ಗಮನಿಸಿ.

ವಿಟಾನ್: ದುಬಾರಿ, ಆದ್ರೆ ಸ್ಪ್ರೇಯರ್‌ಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಡಬ್ಬಿ ಮೇಲೆ ಇ.ಸಿ. ಅಂತ ಬರೆದ ಕೀಟನಾಶಕಗಳಲ್ಲಿ ಔಷಧಿಯನ್ನು ಕರಗಿಸೋಕೆ ಸೀಮೆಎಣ್ಣೆ ಜಾತಿಯ ದ್ರಾವಕ ಹಾಕಿರ್ತಾರೆ. ಅದು ಮಾಮೂಲಿ ರಬ್ಬರನ್ನು ಊದಿಸುತ್ತೆ. ವಿಟಾನ್ ತಡೆಯುತ್ತೆ.

ಬಣ್ಣ ನೋಡಿ ಜಾತಿ ಹೇಳೋಕಾಗಲ್ಲ, ಮೂರೂ ಕಪ್ಪಗೆ ಬರ್ತವೆ. ಅನುಮಾನ ಇದ್ರೆ ಒಂದು ರಿಂಗಿನ ದಪ್ಪ ಅಳೆದು ಡೀಸೆಲ್‌ನಲ್ಲಿ ರಾತ್ರಿಯೆಲ್ಲ ನೆನೆಸಿಡಿ. ಬೆಳಗ್ಗೆ ಎದ್ದು ಕಾಣುವಷ್ಟು ಊದಿದ್ರೆ ಅದು ಇಪಿಡಿಎಂ ಥರದ್ದು, ಎಣ್ಣೆ ಕಡೆ ಬಳಸಬೇಡಿ. ಹಚ್ಚೋಕೆ ಸಿಲಿಕಾನ್ ಗ್ರೀಸ್ ಇಟ್ಟುಕೊಳ್ಳಿ, ಈ ಮೂರೂ ರಬ್ಬರ್‌ಗೆ ನಡೆಯುತ್ತೆ.

ರಬ್ಬರ್ ಗಟ್ಟಿಯಾದ್ರೆ ಏನಾಗುತ್ತೆ ಅನ್ನೋದನ್ನು ಇಡೀ ಜಗತ್ತು ನೋಡಿದ್ದು 1986ರ ಜನವರಿ 28ರಂದು. ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಛಿದ್ರವಾಗಿ ಏಳು ಜನ ಸತ್ತರು. ಆ ಬೆಳಗ್ಗೆಯ ಚಳಿಗೆ ರಾಕೆಟ್ ಬೂಸ್ಟರ್ ಜೋಡಣೆಯ ಓ-ರಿಂಗ್ ಬಿಗಿಯಾಗಿ, ಸಂದಿ ತೆರೆದಾಗ ಬೇಗ ಹಿಗ್ಗಿ ಮುಚ್ಚಲಿಲ್ಲ. ವಿಜ್ಞಾನಿ ರಿಚರ್ಡ್ ಫೈನ್‌ಮನ್ ವಿಚಾರಣೆಯಲ್ಲಿ ಆ ರಬ್ಬರನ್ನು ಐಸ್ ನೀರಲ್ಲಿ ಅದ್ದಿ ಇದನ್ನು ತೋರಿಸಿದ್ರು. ನಮ್ಮಲ್ಲಿ ಆ ಚಳಿ ಇಲ್ಲ. ಆದ್ರೆ ಬಿಸಿಲಿಗೆ, ವಯಸ್ಸಿಗೆ ಗಟ್ಟಿಯಾದ ರಿಂಗ್ ಮಾಡೋದೂ ಅದೇ ಕೆಲಸ. ಉಗುರಲ್ಲಿ ಒತ್ತಿ ನೋಡಿ, ಗುರುತು ತಕ್ಷಣ ಮಾಯ ಆಗದಿದ್ರೆ ಆ ರಿಂಗಿನ ಆಯಸ್ಸು ಮುಗೀತು.

ಹಾಕುವಾಗ ಐದು ಕೆಲಸ

1. ಮೋಟಾರ್ ಆಫ್ ಮಾಡಿ, ವಾಲ್ವ್ ತೆಗೆದು ಪ್ರೆಷರ್ ಪೂರ್ತಿ ಇಳಿಸಿ. ಸ್ಪ್ರೇಯರ್ ಆದ್ರೆ ಗ್ಲೌಸ್ ಹಾಕಿ, ಮೊದಲು ಶುದ್ಧ ನೀರಿಂದ ತೊಳೆಯಿರಿ.
2. ಹಳೇ ರಿಂಗನ್ನು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಗ್ರೂವ್‌ಗೆ ಗೀರು ಬೀಳುತ್ತೆ. ಮರದ ಅಥವಾ ಪ್ಲಾಸ್ಟಿಕ್ ಕಡ್ಡಿ ಬಳಸಿ.
3. ಗ್ರೂವ್‌ನ ಮರಳು, ಉಪ್ಪಿನ ಪೊರೆ ಬಟ್ಟೆಯಿಂದ ಒರೆಸಿ. ಒಂದು ಕಾಳು ಮರಳು ಸಾಕು ಸೋರೋಕೆ.
4. ಥ್ರೆಡ್ ದಾಟಿ ರಿಂಗ್ ಹೋಗಬೇಕಿದ್ರೆ ಥ್ರೆಡ್ ಮೇಲೆ ತಾತ್ಕಾಲಿಕವಾಗಿ ಟೇಪ್ ಅಥವಾ ಪ್ಲಾಸ್ಟಿಕ್ ಹಾಳೆ ಸುತ್ತಿ. ರಿಂಗ್ ಕೂತ ಮೇಲೆ ತೆಗೆಯಿರಿ.
5. ತೆಳುವಾಗಿ ಸಿಲಿಕಾನ್ ಗ್ರೀಸ್ ಹಚ್ಚಿ, ರಿಂಗ್ ತಿರುಚಿಲ್ಲ ಅಂತ ಬೆರಳಾಡಿಸಿ ನೋಡಿ, ನೇರವಾಗಿ ತಳ್ಳಿ.

ಉಳಿದ ರಿಂಗ್‌ಗಳನ್ನು ಮೊಳೆಗೆ ನೇತುಹಾಕಬೇಡಿ. ಮುಚ್ಚಿದ ಡಬ್ಬಿಯಲ್ಲಿ, ಬಿಸಿಲು ಬೀಳದ ಕಡೆ, ಮೋಟಾರ್ ಮತ್ತು ವೆಲ್ಡಿಂಗ್ ಮೆಷಿನ್‌ನಿಂದ ದೂರ ಇಡಿ.

ಹಾಳಾದ ರಿಂಗ್ ಎಸೆಯೋ ಮುಂಚೆ ಓದಿ

- ಎರಡು ಕಡೆ ಚಪ್ಪಟೆ: ವಯಸ್ಸಾಗಿದೆ, ಬಿಸಿ ಹೆಚ್ಚಾಗಿದೆ ಅಥವಾ ತುಂಬ ಅದುಮಿದೆ
- ಅಂಚು ಇಲಿ ಕಡಿದ ಹಾಗೆ: ಸಂದಿ ಹೆಚ್ಚು ಅಥವಾ ಪ್ರೆಷರ್ ಹೆಚ್ಚು
- ಒಂದು ಕಡೆ ಓರೆಯಾಗಿ ಕತ್ತರಿಸಿದೆ: ಹಾಕುವಾಗ ಚೂಪು ಅಂಚಿಗೆ ಸಿಕ್ಕಿದೆ
- ಊದಿ ಮೆತ್ತಗಾಗಿದೆ: ರಬ್ಬರ್ ಜಾತಿ ತಪ್ಪು
- ಹೊರಮೈ ತುಂಬ ಸಣ್ಣ ಬಿರುಕು: ಬಿಸಿಲು
- ಹಗ್ಗದ ಥರ ತಿರುಚಿದ ಗುರುತು: ಓಡಾಡೋ ಕಡೆ ಗ್ರೀಸ್ ಇಲ್ಲ ಅಥವಾ ಅದುಮಿದ್ದು ಹೆಚ್ಚು

ಇನ್ನೊಂದು ಮಾತು ಟ್ರ್ಯಾಕ್ಟರ್ ಇರೋರಿಗೆ. ಹೈಡ್ರಾಲಿಕ್ ಸೋರಿಕೆ ಎಲ್ಲಿದೆ ಅಂತ ಬೆರಳಾಡಿಸಿ ಹುಡುಕಬೇಡಿ. ಸೂಜಿ ಮೊನೆಯಷ್ಟು ತೂತಿಂದ ಬರೋ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತೆ. ರಟ್ಟಿನ ತುಂಡು ಹಿಡಿದು ನೋಡಿ. ಹಾಗೇನಾದ್ರೂ ಚುಚ್ಚಿದ್ರೆ ಗಾಯ ಚಿಕ್ಕದು ಅಂತ ಮನೇಲಿ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ಪ್ರೆಷರ್ ಎಣ್ಣೆ ಒಳಗೆ ಹೋಗಿದೆ ಅಂತ ಡಾಕ್ಟರ್‌ಗೆ ಸ್ಪಷ್ಟವಾಗಿ ಹೇಳಿ. ತಡವಾದ್ರೆ ಬೆರಳೇ ಹೋಗಬಹುದು.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಫಿಲ್ಟರ್, ವೆಂಚುರಿ, ಸ್ಪ್ರೇಯರ್ ಗನ್ ಮೂರನ್ನೂ ಬಿಚ್ಚಿ, ಪ್ರತಿ ಗ್ರೂವ್‌ನ ವ್ಯಾಸ, ಎತ್ತರ, ಅಗಲ ಅಳೆದು ಫೋನಿನ ನೋಟ್ಸ್‌ನಲ್ಲಿ ಬರೆದಿಡಿ. ಪಕ್ಕದಲ್ಲಿ ಯಾವ ರಬ್ಬರ್ ಬೇಕು ಅಂತಲೂ ಇರಲಿ. ಮುಂದಿನ ಸಲ ಅಂಗಡಿಗೆ ಹೋದಾಗ "ಇದೇ ಥರದ್ದು ಕೊಡಿ" ಅನ್ನೋ ಬದಲು "ಒಳವ್ಯಾಸ 23.7, ದಪ್ಪ 3.5, ವಿಟಾನ್, ನಾಲ್ಕು ಕೊಡಿ" ಅಂತ ಕೇಳಿ. ಎರಡು ಹಾಕೋಕೆ, ಎರಡು ಡಬ್ಬಿಯಲ್ಲಿ ಇಡೋಕೆ.